ನಲವತ್ತು ಶಿಲಿಂಗಿನ ಮರ್ಯಾದೆ

ಮತ ಹಾಕಲು ಜನ ಬರುತ್ತಿಲ್ಲ ಅಂತ ಗೋಳಾಡುವ ಸರ್ಕಾರಗಳು ಬೇಕಾದಷ್ಟಿವೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಗೋಳೇ ಬೇರೆ ಇತ್ತು: ಜನ ಬಂದುಬಿಡುತ್ತಿದ್ದಾರೆ, ಏನು ಮಾಡೋಣ? ಆರನೇ ಹೆನ್ರಿಯ ಪಾರ್ಲಿಮೆಂಟು 1430ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ರಾಜನಿಗೆ ಆಗಿನ್ನೂ ಎಂಟು ವರ್ಷ. ಹಾಗಾಗಿ ಬುದ್ಧಿಯೆಲ್ಲ ದೊಡ್ಡವರದ್ದೇ.

ಆ ಕಾನೂನಿನ ಪೀಠಿಕೆಯ ಸಾರ ಇಷ್ಟು. ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಪ್ರತಿನಿಧಿಗಳನ್ನು ಆರಿಸಲು ವಿಪರೀತ ಮಂದಿ ಸೇರುತ್ತಿದ್ದಾರೆ. ಅವರಲ್ಲಿ ಮುಕ್ಕಾಲು ಪಾಲು ಚೂರುಪಾರು ಆಸ್ತಿಯವರು, ಇಲ್ಲವೇ ಕವಡೆ ಕಿಮ್ಮತ್ತಿಲ್ಲದವರು. ಅಂಥವನೂ ತನ್ನ ಮಾತಿಗೆ ವೀರಪದವಿ ಪಡೆದ ದೊಡ್ಡ ನೈಟ್‌ನ ಮಾತಿನಷ್ಟೇ ತೂಕ ಅಂದುಕೊಂಡಿದ್ದಾನೆ. ಇದರಿಂದ ಕೊಲೆ, ದೊಂಬಿ, ಹೊಡೆದಾಟ ಆಗುವ ಸಂಭವವಿದೆ. ಆಗಿದೆ ಅಂತಲ್ಲ, ಆಗಬಹುದು. ಯಾರ ನಡುವೆ? ಗಣ್ಯರು ಮತ್ತು ಇತರೆ ಜನರ ನಡುವೆ. ಪಟ್ಟಿಯಲ್ಲಿ ಗಣ್ಯರೇ ಮೊದಲು. ಮನೆಗೆ ಹೋಗಿ ಅಂದದ್ದು ಮಾತ್ರ ಇತರೆ ಜನರಿಗೆ.

ಪರಿಹಾರವೂ ಸುಲಭವೇ. ಖರ್ಚೆಲ್ಲ ಕಳೆದು ವರ್ಷಕ್ಕೆ 40 ಶಿಲಿಂಗ್ ಹುಟ್ಟುವ ಸ್ವಂತ ಜಮೀನಿದ್ದರೆ ಮತ, ಇಲ್ಲದಿದ್ದರೆ ಇಲ್ಲ. ಅನುಮಾನ ಬಂದರೆ ಶೆರಿಫ್, ಅಂದರೆ ಕೌಂಟಿಯಲ್ಲಿನ ರಾಜನ ಅಧಿಕಾರಿ, ಸುವಾರ್ತೆಯ ಮೇಲೆ ಆಣೆ ಮಾಡಿಸಿ ವರಮಾನ ಕೇಳಬಹುದು. 39 ಶಿಲಿಂಗಿನವನು ದೊಂಬಿಕೋರ. ಇನ್ನೊಂದು ಶಿಲಿಂಗ್ ಸೇರಿತೋ, ಸಂಭಾವಿತ!

ಆರಿಸಿ ಹೋದವನಿಗೆ ಭತ್ಯೆ ದಿನಕ್ಕೆ 4 ಶಿಲಿಂಗ್. ಹೋಗಿ ಬರುವ ದಾರಿಯ ದಿನಗಳಿಗೂ ಲೆಕ್ಕ ಉಂಟು. ಅಂದರೆ ಮತದಾರ ವರ್ಷವಿಡೀ ದುಡಿದು ತೋರಿಸಬೇಕಾದ ಯೋಗ್ಯತೆಯನ್ನು ಪ್ರತಿನಿಧಿ ಹತ್ತೇ ದಿನದಲ್ಲಿ ಬೆಂಚಿನ ಮೇಲೆ ಕೂತು ಸಂಪಾದಿಸಬಹುದಿತ್ತು. ಈ ಹಣ ರಾಜನ ಬೊಕ್ಕಸದಿಂದ ಬರುತ್ತಿರಲಿಲ್ಲ. ಶೆರಿಫ್ ಅದನ್ನು ಕೌಂಟಿಯ ಜನರಿಂದಲೇ ಎತ್ತುತ್ತಿದ್ದ. ಮತ ಕಳೆದುಕೊಂಡವರಿಗೆ ಇದರಿಂದಲೂ ಮಾಫಿ ಅನ್ನುವ ಮಾತು ಆ ಕಾನೂನಿನಲ್ಲಿಲ್ಲ. ಕಿಮ್ಮತ್ತಿಲ್ಲದವರ ಕಾಸಿಗೆ ಕಿಮ್ಮತ್ತು ಇದ್ದೇ ಇರುತ್ತದೆ, ಅಲ್ವಾ?

ಕೌಂಟಿಗೆ ತಲಾ ಇಬ್ಬರು. ಯಾರ್ಕ್‌ಶೈರ್‌ನಷ್ಟು ದೊಡ್ಡದಕ್ಕೂ ಇಬ್ಬರು, ಅಂಗೈಯಗಲದ ರಟ್‌ಲಂಡ್‌ಗೂ ಇಬ್ಬರು. ಸಮಾನತೆ ಅಂದರೆ ಇದು. ಸೊಂಟಕ್ಕೆ ಕತ್ತಿ ಕಟ್ಟಿದ ನೈಟ್‌ಗಳನ್ನೇ ಕಳಿಸಿ ಅಂತ ರಾಜನ ಆಜ್ಞೆ ಬರುತ್ತಿತ್ತು. ಆದರೆ ನೈಟ್ ಆಗುವುದು ದುಬಾರಿ ಬಾಬತ್ತು, ಅನುಕೂಲವಂತರೂ ತಪ್ಪಿಸಿಕೊಂಡು ಓಡಾಡುತ್ತಿದ್ದರು. ಹಾಗಾಗಿ ಸಿಕ್ಕವರನ್ನು ಕಳಿಸಿದರು. ನೈಟ್ ಪದವಿಯೇ ಇಲ್ಲದ ಕವಿ ಚಾಸರ್ 1386ರಲ್ಲಿ ಕೆಂಟ್ ಕೌಂಟಿಯ 'ನೈಟ್' (ಕೌಂಟಿಯ ಪ್ರತಿನಿಧಿಯನ್ನು ಹಾಗೇ ಕರೆಯುತ್ತಿದ್ದರು) ಆಗಿ ಪಾರ್ಲಿಮೆಂಟಿನಲ್ಲಿ ಕೂತು ಬಂದ. ಕತ್ತಿಯ ಬಗ್ಗೆ ಯಾರೂ ಕೇಳಿದ ಹಾಗಿಲ್ಲ.

ಬೆಲೆಯಿಲ್ಲದವರನ್ನು ಹೊರಗಿಟ್ಟ ಮೇಲೆ ಚುನಾವಣೆ ಎಷ್ಟು ಶುದ್ಧವಾಯಿತು ಅನ್ನುವುದಕ್ಕೆ 1455ರ ನಾರ್ಫೋಕ್ ನೋಡಬೇಕು. ಅಲ್ಲಿನ ಡ್ಯೂಕ್‌ನ ಹೆಂಡತಿ ಜಾನ್ ಪಾಸ್ಟನ್ ಎಂಬ ಜಮೀನುದಾರನಿಗೆ ಕಾಗದ ಬರೆದಳು. ಈ ಸಲ ಪಾರ್ಲಿಮೆಂಟಿನಲ್ಲಿ ನಮ್ಮ ಯಜಮಾನರ ಮನೆಯ ಆಳುಗಳೇ ಇರಬೇಕು, ನಿಮ್ಮ ಮತ ಜಾನ್ ಹೊವರ್ಡ್ ಮತ್ತು ರೋಜರ್ ಚೇಂಬರ್ಲಿನ್‌ಗೆ ಇರಲಿ ಅಂತ. ಸುತ್ತುಬಳಸು ಏನಿಲ್ಲ, ಆಳುಗಳು ಅಂತಲೇ ಬರೆದಳು. ಅಷ್ಟು ಪ್ರಾಮಾಣಿಕ ಪ್ರಣಾಳಿಕೆ ಆಮೇಲೆ ಯಾರೂ ಬರೆದಿರಲಿಕ್ಕಿಲ್ಲ.

ಊರವರು ಗೊಣಗಿದರು. ಚೇಂಬರ್ಲಿನ್ ಆಗಬಹುದು, ಹೊವರ್ಡ್ ಯಾಕೆ? ಅವನಿಗೆ ಈ ಕೌಂಟಿಯಲ್ಲಿ ಜಮೀನಿಲ್ಲ, ಒಡನಾಟವೂ ಇಲ್ಲ. ಆಯ್ಕೆಯಾಗುವವನು ಅದೇ ಕೌಂಟಿಯಲ್ಲಿ ವಾಸವಿರಬೇಕು ಅಂತ 1413ರಲ್ಲೇ ಕಾನೂನಾಗಿತ್ತು. ಹೊವರ್ಡ್ ಪಕ್ಕದ ಸಫೋಕ್‌ನವನು, ಡ್ಯೂಕ್‌ಗೆ ಸಂಬಂಧಿ. ಜಾನ್ ಜೆನ್ನಿ ಎಂಬ ವಕೀಲ ಲಂಡನ್‌ನಲ್ಲಿ ಡ್ಯೂಕ್‌ನ ಮುಖಕ್ಕೇ ಇದನ್ನು ಹೇಳಿದ. ಡ್ಯೂಕ್ ದೊಡ್ಡ ಮನಸ್ಸು ಮಾಡಿದ. ಚುನಾವಣೆ ಮುಕ್ತವಾಗಿಯೇ ನಡೆಯಲಿ ಅಂತ ಉಪಶೆರಿಫ್‌ಗೆ ಬರೆದ. ಸಣ್ಣದೊಂದು ಷರತ್ತು ಅಷ್ಟೇ: ಥಾಮಸ್ ಟಡನ್‌ಹ್ಯಾಮ್ ಆಗಕೂಡದು, ಎದುರಾಳಿಯಾದ ಸಫೋಕ್ ಡ್ಯೂಕ್ ಕಡೆಯವರು ಯಾರೂ ಆಗಕೂಡದು. ಉಳಿದಂತೆ ಪೂರ್ತಿ ಮುಕ್ತ.

ಇದನ್ನೆಲ್ಲ ಕೇಳಿದ ಹೊವರ್ಡ್ ಕಾಡುಗೂಳಿಯ ಹಾಗೆ ಕೆರಳಿದ್ದಾನೆ ಅಂತ ಜೆನ್ನಿಯೇ ಪಾಸ್ಟನ್‌ಗೆ ಬರೆದ. ಪಾಪ, ಸುಮ್ನೆ ಕೆರಳಿದ. ಚೇಂಬರ್ಲಿನ್ ಜೊತೆ ಅವನೂ ಆರಿಸಿ ಹೋದ. ನಾರ್ಫೋಕ್‌ಗೂ ಅವನಿಗೂ ಏನು ಸಂಬಂಧ ಅಂತ ಕೇಳಿದವರಿಗೆ 1483ರಲ್ಲಿ ಉತ್ತರ ಸಿಕ್ಕಿತು. ಆ ವರ್ಷ ಹೊವರ್ಡ್‌ನೇ ನಾರ್ಫೋಕ್‌ನ ಡ್ಯೂಕ್ ಆದ.