ದೂರವನ್ನು ಮಳೆಗಾಲದಲ್ಲಿ ಅಳೆಯಿರಿ

ಅಕ್ಕನ ಮನೆ ಉಡುಪಿ ಜಿಲ್ಲೆಯ ಹೆಬ್ರಿ ಕಡೆ. ಅಂಗಳದಲ್ಲಿ ನಿಂತರೆ ಶಾಲೆಯ ಗಂಟೆ ಕೇಳುತ್ತದೆ. ಗದ್ದೆಯ ಅಂಚಿನಲ್ಲಿ ಹೋಗಿ ತೋಡು (ಸಣ್ಣ ಹೊಳೆ) ದಾಟಿದರೆ ಮುಕ್ಕಾಲು ಕಿಲೋಮೀಟರ್ ಅಷ್ಟೆ. ದಾಟಲಿಕ್ಕೆ ಇರುವುದು ಒಂದು ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ. ಎರಡು ಅಡಿಕೆ ಮರ, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು.

ಕಳೆದ ಜುಲೈಯಲ್ಲಿ ಒಂದು ವಾರ ಅಲ್ಲಿದ್ದೆ. ಅಕ್ಕನ ಮೂರನೇ ಕ್ಲಾಸಿನ ಮಗಳು ಪುಸ್ತಕಗಳನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ, ಬ್ಯಾಗಿಗೆ ತುಂಬಿ, ಕೊಡೆ ಹಿಡಿದು ಹೊರಟಳು. ಸಂಕದ ಹತ್ತಿರ ಹೋದರೆ ಕೆಂಪು ನೀರು ಮರಕ್ಕೆ ತಾಗಿಕೊಂಡೇ ಹರಿಯುತ್ತಿತ್ತು. ಭಾವ ಅವಳನ್ನು ವಾಪಸ್ ಕರೆತಂದು ಆಟೋಗೆ ಫೋನ್ ಮಾಡಿದರು. ರಸ್ತೆಯಲ್ಲಿ ಸುತ್ತಿ ಹೋದರೆ ಮೂರೂವರೆ ಕಿಲೋಮೀಟರ್! ಕೂಲಿಯಲ್ಲಿ ನಡೆಯುವ ಮನೆ ಅದು. ಮಳೆ ಬಿಡುವವರೆಗೂ ಆಟೋ ಬಾಡಿಗೆ ಕೊಡಲು ಎಲ್ಲಿಂದ ಬರಬೇಕು?

ವಾಹನದ ಸೌಲಭ್ಯ ಕೇಳಲು ಹೋದ ಅಕ್ಕನಿಗೆ ಸಿಕ್ಕಿದ ಉತ್ತರ: "ನಿಮ್ಮದು ಒಂದು ಕಿಲೋಮೀಟರ್ ಒಳಗೇ ಬರ್ತದಲ್ಲ ಅಕ್ಕ, ಲೆಕ್ಕಕ್ಕೆ ಸಿಗುವುದಿಲ್ಲ."

ಆ ಲೆಕ್ಕ ಸುಳ್ಳಲ್ಲ. ಶಿಕ್ಷಣ ಹಕ್ಕು ಕಾಯ್ದೆಗೆ ಕೇಂದ್ರ ಸರ್ಕಾರ 2010ರಲ್ಲಿ ಮಾಡಿದ ಮಾದರಿ ನಿಯಮದಲ್ಲೇ ಅದು ಇದೆ. ಒಂದರಿಂದ ಐದನೇ ತರಗತಿಗೆ ನಡೆದು ಹೋಗುವ ದೂರ 1 ಕಿ.ಮೀ., ಆರರಿಂದ ಎಂಟಕ್ಕೆ 3 ಕಿ.ಮೀ. ಅಷ್ಟರೊಳಗೆ ಶಾಲೆ ಇಲ್ಲದ ಸಣ್ಣ ಊರಿನ ಮಕ್ಕಳಿಗೆ ಉಚಿತ ವಾಹನ ಅಥವಾ ವಸತಿಯ ವ್ಯವಸ್ಥೆ ಆಗಬೇಕು. ಆದರೆ ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ. ನೆರೆ, ಭೂಕುಸಿತ, ರಸ್ತೆ ಇಲ್ಲದಿರುವುದು, ಶಾಲೆಯ ದಾರಿಯಲ್ಲಿ ಪುಟ್ಟ ಮಕ್ಕಳಿಗೆ ಅಪಾಯ – ಇಂಥ ಕಡೆ ಈ ಮಿತಿಯನ್ನು ಕಡಿಮೆ ಮಾಡಬೇಕು ಅಂತ. ನಮ್ಮ ಕಾಲುಸಂಕಗಳನ್ನು ನೋಡಿಯೇ ಬರೆದ ಹಾಗಿದೆ, ಅಲ್ವಾ? ಆದರೂ ಎಲ್ಲರ ಬಾಯಲ್ಲಿ ಉಳಿದಿರುವುದು ಆ ಒಂದು ಕಿಲೋಮೀಟರ್ ಮಾತ್ರ.

2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಎರಡನೇ ಕ್ಲಾಸಿನ ಮಗು ಶಾಲೆಯಿಂದ ಬರುವಾಗ ಕಾಲುಸಂಕದಿಂದ ಬಿದ್ದು ನೀರುಪಾಲಾಯಿತು. ಆ ಸುದ್ದಿ ಓದಿದ ದಿನ ಅಕ್ಕ ಅನ್ನ ಮುಟ್ಟಲಿಲ್ಲ.

"ಬಸ್ ಫ್ರೀ ಇದೆಯಲ್ಲ" ಅನ್ನುವವರಿದ್ದಾರೆ. ಶಕ್ತಿ ಯೋಜನೆ 2023ರ ಜೂನ್‌ನಿಂದ ಇದೆ, ಹೌದು. ಅದು ಸರ್ಕಾರಿ ಬಸ್ಸಿಗೆ. ನಮ್ಮ ಜಿಲ್ಲೆಯ ಒಳಊರುಗಳಿಗೆ ಜಾಸ್ತಿ ಬರುವುದು ಖಾಸಗಿ ಬಸ್ಸು. ಅಕ್ಕನ ಮನೆ ರಸ್ತೆಗೆ ಅದೂ ಬರುವುದಿಲ್ಲ.

ನಾನು ಕೇಳುವುದು ಇಷ್ಟೆ. ದೂರ ಅಳೆಯುವವರು ಜನವರಿಯ ಒಣ ಗದ್ದೆಯಲ್ಲಿ ಅಳೆಯಬೇಡಿ. ಜುಲೈಯಲ್ಲಿ ಬನ್ನಿ. ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ), ಪಂಚಾಯತ್ ಸದಸ್ಯರು ಒಟ್ಟಿಗೆ ಮಗುವಿನ ಮನೆಯಿಂದ ಶಾಲೆಗೆ ನಡೆಯಿರಿ. ಸಂಕ ದಾಟಲು ನಿಮಗೇ ಹೆದರಿಕೆಯಾದರೆ ಆ ದಾರಿಯನ್ನು ದಾರಿ ಅಂತ ಬರೆಯಬೇಡಿ. ಸುತ್ತು ರಸ್ತೆಯ ದೂರ ಬರೆಯಿರಿ. ವರ್ಷವಿಡೀ ವಾಹನ ಕೊಡಲು ಆಗದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ಕೊಡಿ. ಒಂದೇ ದಾರಿಯ ನಾಲ್ಕೈದು ಮಕ್ಕಳಿಗೆ ಒಂದು ಆಟೋ ಸಾಕು.

ಅಕ್ಕನ ಹೊಸ ಅರ್ಜಿಯನ್ನು ನಿನ್ನೆ ರಾತ್ರಿ ಇಬ್ಬರೂ ಕೂತು ಬರೆದೆವು. ದೂರ ಎಂಬಲ್ಲಿ "ಮಳೆಗಾಲದಲ್ಲಿ ಮೂರೂವರೆ ಕಿ.ಮೀ." ಅಂತ ಬರೆದು, ಸಂಕದ ಫೋಟೋ ಅಂಟಿಸಿದ್ದೇವೆ. ನಿಮ್ಮೂರಿನಲ್ಲೂ ಇಂಥ ಸಂಕ ಇದ್ದರೆ ಫೋಟೋ ಕಳಿಸಿ, ಒಟ್ಟಿಗೆ ಕೊಡೋಣ.