ಬಿದ್ದವನು ಕುಡಿದಿದ್ದನಾ?

ರಾಜಕಾರಣಿಯೊಬ್ಬರ ಮನೆ ಜಗಳವೋ ಗುಟ್ಟಿನ ಸಂಬಂಧವೋ ಪೇಪರಿಗೆ ಬಂದ ದಿನ ಗೋಣಿಕೊಪ್ಪದ ಹೋಟೆಲುಗಳಲ್ಲಿ ಕಾಫಿ ಜಾಸ್ತಿ ಖರ್ಚಾಗುತ್ತದೆ. ಬೇಕಾದರೆ ಗಲ್ಲಾದಲ್ಲಿ ಕೂತವರನ್ನು ಕೇಳಿ. ಕಾಳುಮೆಣಸಿನ ರೇಟು ಬಿದ್ದ ದಿನ ಜನ ಒಂದು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಮಂತ್ರಿಯ ವಿಡಿಯೊ ಬಂದ ದಿನ ಎರಡನೆಯದೂ ಹೇಳುತ್ತಾರೆ, ಜೊತೆಗೆ ವಡೆ. ಬಜೆಟ್ಟಿನ ದಿನ ಹೀಗಾಗಿದ್ದನ್ನು ನಾನಂತೂ ನೋಡಿಲ್ಲ.

ಇದಕ್ಕೆ ಜನರನ್ನು ಬೈದು ಪ್ರಯೋಜನವಿಲ್ಲ. ಬಜೆಟ್ ಅರ್ಥವಾಗಬೇಕಾದರೆ ಓದಬೇಕು. ಹಗರಣ ಅರ್ಥವಾಗಬೇಕಾದರೆ ಸಂಸಾರ ಮಾಡಿದ್ದರೆ ಸಾಕು. 2012ರ ಫೆಬ್ರವರಿಯಲ್ಲಿ ನಮ್ಮ ವಿಧಾನಸಭೆಯೊಳಗೆ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡಿದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರಲ್ಲ, ಅದು ಇವತ್ತಿಗೂ ಎಲ್ಲರಿಗೂ ನೆನಪಿದೆ. ಆ ಹೊತ್ತಿಗೆ ಸದನದಲ್ಲಿ ಯಾವ ವಿಷಯ ಚರ್ಚೆಗೆ ಬಂದಿತ್ತು ಅಂತ ಒಬ್ಬರನ್ನು ಕೇಳಿ ನೋಡಿ. ಮೇಲೆ ಫ್ಯಾನು ನೋಡುತ್ತಾರೆ.

ನಮ್ಮ ಚಿಕ್ಕಪ್ಪ ಈ ವಿಷಯದಲ್ಲಿ ದೊಡ್ಡ ವಿದ್ವಾಂಸ. ಅವರ ಮಗ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಕೆಲಸಕ್ಕಿದ್ದಾನೆ. ಹಾಗಾಗಿ ಚಿಕ್ಕಪ್ಪನ ಪಾಂಡಿತ್ಯ ಬೆಂಗಳೂರಿಗೇ ನಿಂತಿಲ್ಲ. ಜಾನ್ ಎಡ್ವರ್ಡ್ಸ್ ಎಂಬ ಹೆಸರು ನಾನು ಮೊದಲು ಕೇಳಿದ್ದೇ ಅವರ ಬಾಯಲ್ಲಿ, ಕಾಫಿ ಕಣದ ಪಕ್ಕ ನಿಂತು. ಈತ ನಾರ್ತ್ ಕೆರೊಲಿನಾದ ವಕೀಲ, ಆಮೇಲೆ ಸೆನೆಟರ್, 2004ರಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ. ಹೆಂಡತಿ ಕ್ಯಾನ್ಸರ್‌ನಿಂದ ನರಳುತ್ತಿದ್ದಾಗ ಇನ್ನೊಬ್ಬಳ ಜೊತೆ ಸಂಬಂಧ. 2008ರಲ್ಲಿ ಸಂಬಂಧ ಇದ್ದದ್ದು ನಿಜ, ಮಗು ನನ್ನದಲ್ಲ ಅಂದ. 2010ರಲ್ಲಿ ಮಗುವೂ ನನ್ನದೇ ಅಂದ. ಚುನಾವಣಾ ಹಣದ ಕೇಸು ಬಿತ್ತು. 2012ರಲ್ಲಿ ಒಂದು ಆರೋಪದಿಂದ ಬಿಡುಗಡೆಯಾಯಿತು, ಉಳಿದದ್ದರಲ್ಲಿ ಜ್ಯೂರಿಯವರಿಗೆ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರಿಗೆ, ಒಮ್ಮತವೇ ಬರಲಿಲ್ಲ. ಚಿಕ್ಕಪ್ಪ ಇದನ್ನೆಲ್ಲ ತಾರೀಖಿನ ಸಮೇತ ಹೇಳಿ ಮುಗಿಸಿದ್ದು ಹೀಗೆ: 'ಈ ಪರಿಹಾರದ ಕೇಸು ನಡೆಸೋ ಲಾಯರುಗಳೆಲ್ಲ ಹೀಗೇ ಮಾರಾಯ. ಊರವರ ದುಡ್ಡು ತಿನ್ನೋರು.'

ಅಲ್ಲಿ ನನಗೆ ಸ್ವಲ್ಪ ಎಡವಿದಂತಾಯಿತು. ಹೆಂಡತಿಗೆ ಮೋಸ ಮಾಡಿದ್ದಕ್ಕೂ ಪರಿಹಾರದ ಕೇಸಿಗೂ ಏನು ಸಂಬಂಧ?

ಸಂಬಂಧ ಇಲ್ಲದಿದ್ದರೂ ಕಟ್ಟಿಬಿಡುತ್ತೇವೆ. ಎಡ್ವರ್ಡ್ಸ್ ವಕೀಲನಾಗಿ ಹೆಸರು ಮಾಡಿದ್ದು ಒಂದು ಮಗುವಿನ ಕೇಸಿನಲ್ಲಿ. 1993ರಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಮಕ್ಕಳ ಈಜುಕೊಳದಲ್ಲಿ ಆಡುತ್ತಿದ್ದಳು. ಕೊಳದ ತಳದಲ್ಲಿ ನೀರು ಹೀರಿಕೊಳ್ಳುವ ತೂತಿಗೆ ಒಂದು ಮುಚ್ಚಳವಿರುತ್ತದೆ. ಆ ಮುಚ್ಚಳಕ್ಕೆ ಸ್ಕ್ರೂ ಹಾಕಿರಲಿಲ್ಲ, ಅದು ಜಾಗ ಬಿಟ್ಟಿತ್ತು. ಹುಡುಗಿ ಅದರ ಮೇಲೆ ಕೂತಳು. ಪಂಪಿನ ಸೆಳೆತಕ್ಕೆ ಅವಳ ಕರುಳು ಬಹುಪಾಲು ಹೊರಗೆ ಬಂತು. ಇಂಥ ಅಪಘಾತ ಬೇರೆ ಕಡೆ ಮುಂಚೆಯೂ ಆಗಿತ್ತು, ತಯಾರಿಸಿದ ಕಂಪನಿಗೆ ಗೊತ್ತಿತ್ತು. 'ಈ ಮುಚ್ಚಳಕ್ಕೆ ಸ್ಕ್ರೂ ಹಾಕಲೇಬೇಕು' ಅಂತ ಒಂದು ಎಚ್ಚರಿಕೆ ಬರೆದಿರಲಿಲ್ಲ. 1997ರಲ್ಲಿ ಜ್ಯೂರಿ ಎರಡೂವರೆ ಕೋಟಿ ಡಾಲರ್ ಕೊಡಿಸಿತು.

ಚಿಕ್ಕಪ್ಪನಿಗೆ ಮೊತ್ತ ಗೊತ್ತಿತ್ತು. ಸ್ಕ್ರೂ ಗೊತ್ತಿರಲಿಲ್ಲ.

ಈ ಜಗಳ ಅಮೆರಿಕದಲ್ಲಿ ದಶಕಗಳಿಂದ ಇದೆ. ಗಾಯಗೊಂಡವರು ಹಾಕುವ ಕೇಸುಗಳಿಗೆ ಮಿತಿ ಇರಬೇಕು ಅನ್ನುವುದು ಒಂದು ಗುಂಪು. ಕ್ಯಾಲಿಫೋರ್ನಿಯಾ 1975ರಲ್ಲೇ ವೈದ್ಯರ ಮೇಲಿನ ಕೇಸುಗಳಲ್ಲಿ ನೋವು ಸಂಕಟದ ಬಾಬ್ತು ಎರಡೂವರೆ ಲಕ್ಷ ಡಾಲರಿಗಿಂತ ಜಾಸ್ತಿ ಕೊಡಬಾರದು ಅಂತ ಕಾನೂನು ಮಾಡಿತು. ಎಲ್ಲದರ ಬೆಲೆ ಏರಿದರೂ ಆ ಮೊತ್ತ ಹತ್ತಿರ ಹತ್ತಿರ 47 ವರ್ಷ ಅಲ್ಲಾಡಲಿಲ್ಲ. ಟೆಕ್ಸಾಸ್‌ನಲ್ಲೂ 2003ರಲ್ಲಿ ಇಂಥದ್ದೇ ಮಿತಿ ಬಂತು. ಇವರ ವಾದ ತೆಗೆದುಹಾಕುವಂಥದ್ದಲ್ಲ. ಕೇಸು ಜಾಸ್ತಿಯಾದರೆ ವೈದ್ಯರ ವಿಮಾ ಕಂತು ಏರುತ್ತದೆ, ಡಾಕ್ಟರುಗಳು ಊರು ಬಿಡುತ್ತಾರೆ ಅನ್ನುತ್ತಾರೆ. (ನಮ್ಮಲ್ಲಿ ಯಾರೂ ಕೇಸು ಹಾಕದೆಯೇ ಡಾಕ್ಟರು ಸಿಗುವುದಿಲ್ಲ. ದೊಡ್ಡ ಪೆಟ್ಟಾದರೆ ಮೈಸೂರಿಗೋ ಮಂಗಳೂರಿಗೋ ಓಡಬೇಕು. ಅದು ಬೇರೆ ಮಾತು.) ಸುಳ್ಳು ಕ್ಲೇಮುಗಳೂ ಇವೆ. ನಮ್ಮ ಉತ್ತರ ಪ್ರದೇಶದಲ್ಲಿ ಮೋಟಾರು ಅಪಘಾತದ ಸುಳ್ಳು ಕ್ಲೇಮುಗಳ ತನಿಖೆಗೆ ವಿಶೇಷ ತಂಡವನ್ನೇ ರಚಿಸಬೇಕಾಯಿತು.

ಇನ್ನೊಂದು ಗುಂಪಿನ ವಾದ ಚಿಕ್ಕದು. ಕಂಪನಿಗೆ ಜೇಬು ಸುಟ್ಟ ಮೇಲೆಯೇ ಸ್ಕ್ರೂ ನೆನಪಾಗುವುದು.

ಈ ಎರಡರ ನಡುವೆ ನ್ಯಾಯ ಹೇಳುವುದು ಕಷ್ಟದ ಕೆಲಸ, ಕೂತು ಯೋಚಿಸಬೇಕು. ಅಷ್ಟರಲ್ಲಿ ವಕೀಲನ ಗುಟ್ಟಿನ ಮಗು ಸಿಕ್ಕಿತು ಅನ್ನಿ, ಯೋಚಿಸುವ ಕೆಲಸವೇ ತಪ್ಪಿತಲ್ಲ! 'ನೋಡಿದ್ರಾ, ಅವನೇ ಅಂಥೋನು.' ಕೇಸು ಖುಲಾಸೆ. ಆ ಕಡೆಯವರೂ ಕಡಿಮೆಯಿಲ್ಲ. ಮಿತಿ ಬೇಕು ಅನ್ನುವ ಪಕ್ಷದವನೊಬ್ಬ ಸಿಕ್ಕಿಬಿದ್ದರೆ ಅವರೂ ಅದನ್ನೇ ಹೇಳುತ್ತಾರೆ.

ಈಜುಕೊಳದ ಮುಚ್ಚಳಕ್ಕೆ ಕೊನೆಗೆ ದೇಶಕ್ಕೆಲ್ಲ ಒಂದು ಕಾನೂನು ಬಂದದ್ದು ಹೇಗೆ ಗೊತ್ತೇ? ರಿಪಬ್ಲಿಕನ್ ಪಕ್ಷದ ದೊಡ್ಡ ತಲೆ, ವಿದೇಶಾಂಗ ಮಂತ್ರಿಯಾಗಿದ್ದ ಜೇಮ್ಸ್ ಬೇಕರ್ ಅವರ ಮೊಮ್ಮಗಳು, ಏಳು ವರ್ಷದವಳು, 2002ರಲ್ಲಿ ಇಂಥದ್ದೇ ತೂತಿನ ಸೆಳೆತಕ್ಕೆ ಸಿಕ್ಕಿ ಮುಳುಗಿ ಸತ್ತಳು. ಅವಳ ಹೆಸರಿನಲ್ಲಿ 2007ರ ಕೊನೆಗೆ ಕಾನೂನಾಯಿತು. ಕೇಸುಗಳಿಗೆ ಕಡಿವಾಣ ಹಾಕಬೇಕು ಅಂತ ಭಾಷಣ ಮಾಡಿಕೊಂಡು ಬಂದಿದ್ದ ಅಧ್ಯಕ್ಷ ಬುಷ್ ಅವರೇ ಅದಕ್ಕೆ ಸಹಿ ಹಾಕಿದರು. ಈ ಸುದ್ದಿ ಚಿಕ್ಕಪ್ಪನ ತನಕ ಬಂದೇ ಇರಲಿಲ್ಲ. ಯಾಕೆ ಬರುತ್ತದೆ? ಇದರಲ್ಲಿ ಯಾರೂ ಯಾರ ಜೊತೆಗೂ ಓಡಿಹೋಗಿಲ್ಲ.

ಹಗರಣವೂ ಪರಿಹಾರದ ಕೇಸೂ ನಿಜವಾಗಿ ಒಂದೇ ಹಗ್ಗದಲ್ಲಿ ಸಿಕ್ಕಿಕೊಂಡದ್ದೂ ಉಂಟು. ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಮೇಲೆ 1994ರಲ್ಲಿ ಒಬ್ಬ ಮಹಿಳೆ ಲೈಂಗಿಕ ಕಿರುಕುಳದ ಪರಿಹಾರಕ್ಕೆ ದಾವೆ ಹೂಡಿದರು. ಅಧ್ಯಕ್ಷನಾಗಿರುವ ತನಕ ಕೇಸು ಬೇಡ ಅಂತ ಕ್ಲಿಂಟನ್ ಕೇಳಿದರೆ, 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಆಗುವುದಿಲ್ಲ ಅಂದರು. ಅಧ್ಯಕ್ಷರ ಸಮಯವೇನೂ ಇದರಲ್ಲಿ ಹೆಚ್ಚು ಹಾಳಾಗಲಿಕ್ಕಿಲ್ಲ ಎಂಬ ಅಂದಾಜೂ ತೀರ್ಪಿನಲ್ಲಿತ್ತು. ಅದೇ ಕೇಸಿನ ಹೇಳಿಕೆಯಿಂದ ಮೋನಿಕಾ ಲೆವಿನ್‌ಸ್ಕಿ ಜೊತೆಗಿನ ಗುಟ್ಟಿನ ಸಂಬಂಧದ ಪುರಾಣ ಬಿಚ್ಚಿಕೊಂಡು, 1998ರ ಕೊನೆಗೆ ಮಹಾಭಿಯೋಗದ ತನಕ ಹೋಯಿತು. ಮೂಲ ಕೇಸು ಎಂಟೂವರೆ ಲಕ್ಷ ಡಾಲರಿಗೆ ರಾಜಿಯಾದದ್ದು ಯಾರಿಗೆ ನೆನಪಿದೆ?

ಎಡ್ವರ್ಡ್ಸ್ ಊರಾದ ನಾರ್ತ್ ಕೆರೊಲಿನಾದಲ್ಲಂತೂ ಸಂಸಾರ ಒಡೆದವರ ಮೇಲೆ ಗಂಡನೋ ಹೆಂಡತಿಯೋ ಪರಿಹಾರದ ದಾವೆ ಹಾಕಬಹುದು. ಕಾಲು ಮುರಿದರೆ ಹೇಗೆ ಕೇಳುತ್ತೀರೋ ಹಾಗೆ ಮನಸ್ಸು ಮುರಿದದ್ದಕ್ಕೂ ಕೇಳಬಹುದು. ಇದನ್ನು ಹೇಳಿದಾಗ ಚಿಕ್ಕಮ್ಮ ಒಳಗಿಂದ, 'ಅದು ಇಲ್ಲಿಗೆ ಯಾವಾಗ ಬರ್ತದೆ?' ಅಂತ ಕೇಳಿದರು. ಚಿಕ್ಕಪ್ಪ ಮಾತು ಬದಲಿಸಿ ಕಾಫಿ ಕೇಸಿಗೆ ಬಂದರು.

ಕಾಫಿ ಕೇಸು ಎಲ್ಲರಿಗೂ ಗೊತ್ತಿರುವ ಜೋಕು. ಅಮೆರಿಕದಲ್ಲಿ ಒಬ್ಬ ಮುದುಕಿ ಕಾರು ಓಡಿಸುತ್ತಾ ಕಾಫಿ ಚೆಲ್ಲಿಕೊಂಡು ಮ್ಯಾಕ್‌ಡೊನಾಲ್ಡ್ಸ್‌ನಿಂದ ಲಕ್ಷಾಂತರ ಡಾಲರ್ ಹೊಡೆದಳು ಅನ್ನುವುದು. ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲಿನಷ್ಟು ಬೆಳೆಯುವ ಕೊಡಗಿನವರು ನಾವು. ನಮಗೆ ಇದಕ್ಕಿಂತ ನಗುವ ವಿಷಯ ಇನ್ನೇನಿದೆ? ಕಾಫಿ ಅಂದಮೇಲೆ ಬಿಸಿ ಇರಲೇಬೇಕು. ಬೆಲ್ಲದ ಕಾಫಿ ಗಂಟಲು ಸುಡದಿದ್ದರೆ ನಮ್ಮ ಮನೆಯಲ್ಲಿ ಲೋಟ ವಾಪಸ್ ಒಳಗೆ ಹೋಗುತ್ತದೆ.

ನಡೆದದ್ದು ಬೇರೆ. 1992ರಲ್ಲಿ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ 79 ವರ್ಷದ ಆ ಅಜ್ಜಿ ಕಾರು ಓಡಿಸುತ್ತಿರಲಿಲ್ಲ, ಪಕ್ಕದ ಸೀಟಿನಲ್ಲಿದ್ದರು. ಕಾರು ನಿಂತಿತ್ತು. ಸಕ್ಕರೆ ಹಾಕಲು ಲೋಟವನ್ನು ಮೊಣಕಾಲುಗಳ ಮಧ್ಯೆ ಇಟ್ಟುಕೊಂಡು ಮುಚ್ಚಳ ತೆಗೆದರು, ಚೆಲ್ಲಿತು. ಆ ಕಂಪನಿ ಕಾಫಿಯನ್ನು 82ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಿತ್ತು. ಆ ಬಿಸಿಗೆ ಚರ್ಮ ಬೇಯಲು ಕೆಲವೇ ಸೆಕೆಂಡು ಸಾಕು. ಸುಟ್ಟ ಗಾಯ ಆಳಕ್ಕೆ ಇಳಿದಿತ್ತು. ಎಂಟು ದಿನ ಆಸ್ಪತ್ರೆ, ಚರ್ಮದ ಕಸಿ. ಅವರು ಮೊದಲು ಕೇಳಿದ್ದು ಚಿಕಿತ್ಸೆಯ ಖರ್ಚು ಅಂತ 20,000 ಡಾಲರ್. ಕಂಪನಿ 800 ಡಾಲರ್ ಕೊಡುತ್ತೇನೆ ಅಂದಿತು. ಹಿಂದಿನ ಹತ್ತು ವರ್ಷದಲ್ಲಿ ಇಂಥ 700 ದೂರು ಬಂದಿದ್ದವು ಅನ್ನುವುದು ಕೋರ್ಟಿನಲ್ಲಿ ಹೊರಬಂತು. ಜ್ಯೂರಿಯವರು ಅಜ್ಜಿಯದೂ ಶೇ. 20 ತಪ್ಪಿದೆ ಅಂತ ಲೆಕ್ಕ ಹಾಕಿ ಪರಿಹಾರದಲ್ಲಿ ಅಷ್ಟನ್ನು ಕಳೆದರು. ದಂಡವಾಗಿ ಹೇಳಿದ್ದ 27 ಲಕ್ಷ ಡಾಲರನ್ನು ನ್ಯಾಯಾಧೀಶರು 4,80,000ಕ್ಕೆ ಇಳಿಸಿದರು. ಆಮೇಲೆ ಎರಡೂ ಕಡೆಯವರು ಗುಟ್ಟಾಗಿ ರಾಜಿ ಮಾಡಿಕೊಂಡರು.

ಜೋಕಿನಲ್ಲಿ ಅಜ್ಜಿಯನ್ನು ಡ್ರೈವರ್ ಸೀಟಿಗೆ ಕೂರಿಸಿದ್ದು ಯಾರೋ ಗೊತ್ತಿಲ್ಲ, ಆದರೆ ಸುಮ್ನೆ ಕೂರಿಸಿಲ್ಲ. ಡ್ರೈವ್ ಮಾಡುತ್ತಾ ಕಾಫಿ ಕುಡಿದಳು ಅಂದರೆ ಅವಳ ನಡತೆ ಸರಿಯಿಲ್ಲ ಅಂತಾಯಿತು. ನಡತೆ ಸರಿಯಿಲ್ಲದವಳಿಗೆ ಎಷ್ಟು ಡಿಗ್ರಿ ಬಿಸಿಯಾದರೇನು?

ನಮ್ಮಲ್ಲಿ ಇದೇ ಕೆಲಸಕ್ಕೆ ಇರುವ ಪ್ರಶ್ನೆ, 'ಕುಡಿದಿದ್ದನಾ?'

ಫೆಬ್ರವರಿಯಿಂದ ಕಾಳುಮೆಣಸಿನ ಕೊಯ್ಲು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿ ಮೂವತ್ತು ನಲವತ್ತು ಅಡಿ ಮೇಲೆ ಹೋಗಿರುತ್ತದೆ. ಬಿದಿರಿನ ಏಣಿಯನ್ನು ಮರಕ್ಕೆ ಹಗ್ಗದಲ್ಲಿ ಬಿಗಿದು, ಚೀಲವನ್ನು ಹೆಗಲಿಗೆ ಹಾಕಿಕೊಂಡು ಹತ್ತಬೇಕು. ಅಲ್ಯೂಮಿನಿಯಂ ಏಣಿ ಹಗುರ, ಒಬ್ಬನೇ ಎತ್ತಬಹುದು. ಆದರೆ ತೋಟದ ಮೇಲೆ ಹಾದುಹೋದ ಕರೆಂಟಿನ ತಂತಿಗೆ ತಾಗಿದರೆ ಮುಗಿಯಿತು. ಹೀಗೆ ಎಷ್ಟು ಜೀವ ಹೋಗಿದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಹಿಂದಿನ ಸಲದ ಕೊಯ್ಲಿನಲ್ಲಿ ಪಕ್ಕದ ತೋಟದಲ್ಲಿ ಒಬ್ಬ ಬಿದ್ದ. ಏಣಿಯ ಮೆಟ್ಟಿಲು ಮುರಿದಿತ್ತು. ಮೊದಲು ಹುಟ್ಟಿದ ಮಾತು 'ಕುಡಿದು ಹತ್ತಿರಬೇಕು'. ತಮಾಷೆ ಅಂದರೆ ಆತ ಕುಡಿಯುವುದೇ ಇಲ್ಲ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಅವನ ಮೇಲೆ ಇರುವ ದೂರೇ ಅದು, ಸಂತೆ ದಿನ ಕಂಪನಿ ಕೊಡುವುದಿಲ್ಲ ಅಂತ. ಇನ್ನು ಕುಡಿದೇ ಇದ್ದ ಅಂತಿಟ್ಟುಕೊಳ್ಳಿ, ಕುಟ್ಟೆ ಹಿಡಿದ ಮೆಟ್ಟಿಲು ಬಾಯಿ ಮೂಸಿ ನೋಡಿ ಮುರಿಯುತ್ತದೆಯೇ? ಅದೂ ಯಾವ ಊರಲ್ಲಿ ಈ ಪ್ರಶ್ನೆ ಕೇಳುವುದು! ಮದುವೆ ಮನೆಯಲ್ಲಿ ಗ್ಲಾಸು ಹಿಡಿಯದವನನ್ನು ಹುಷಾರಿಲ್ಲವಾ ಅಂತ ವಿಚಾರಿಸುವ ಊರು ನಮ್ಮದು.

ಆ ಮಾತು ಬರಿಯ ಹರಟೆಯಾಗಿದ್ದರೆ ಬಿಡಬಹುದಿತ್ತು. 1923ರ ನೌಕರರ ಪರಿಹಾರ ಕಾಯ್ದೆಯಲ್ಲೇ ಅದಕ್ಕೆ ಜಾಗವಿತ್ತು, 2025ರ ನವೆಂಬರಿನಲ್ಲಿ ಅದರ ಬದಲಿಗೆ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಕುಡಿದ ಅಮಲಿನಿಂದಲೇ ಅಪಘಾತವಾಗಿದ್ದರೆ ಮಾಲೀಕ ಪರಿಹಾರ ಕೊಡಬೇಕಿಲ್ಲ. ಸತ್ತರೆ ಅಥವಾ ಶಾಶ್ವತವಾಗಿ ಪೂರ್ತಿ ಕೆಲಸಕ್ಕೆ ಬಾರದಂತಾದರೆ ಮಾತ್ರ ಈ ನೆಪ ನಡೆಯುವುದಿಲ್ಲ. ಅಂದರೆ ಕುಡಿದು ಬೀಳುವುದಾದರೆ ಅರ್ಧಂಬರ್ಧ ಬೀಳಬಾರದು.

ಆ ಹಳೆಯ ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿ ಇತ್ತು, ಬಿಡುವಾದಾಗ ಓದಿ. ನಮ್ಮ ಮೈಯ ರೇಟ್ ಕಾರ್ಡ್ ಅದು. ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ಹೋದಂತೆ ಲೆಕ್ಕ, ತೋರುಬೆರಳಿಗೆ 14, ನಡುಬೆರಳಿಗೆ 12. ಉಂಗುರದ ಬೆರಳೂ ಕಿರುಬೆರಳೂ ತಲಾ 7. ಮೆಣಸಿನ ಗೊಂಚಲು ಬಿಡಿಸುವವನ ಬೆರಳಿಗೂ ತೋಟದ ಲೆಕ್ಕ ಬರೆಯುವ ರೈಟ್ರು ಪೆನ್ನು ಹಿಡಿಯುವ ಬೆರಳಿಗೂ ಅದೇ ರೇಟು. ರಸ್ತೆ ಅಪಘಾತದಲ್ಲಿ ಸತ್ತರೆ ಬೇರೆ ಮಗ್ಗಿ: 2009ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ 25 ವರ್ಷದವನಾದರೆ ಸ್ವಂತ ಖರ್ಚು ಕಳೆದು ಉಳಿದ ವರ್ಷದ ಆದಾಯವನ್ನು 18ರಿಂದ ಗುಣಿಸಬೇಕು, 60 ಆದವನಾದರೆ 9ರಿಂದ. ಸಂಗಾತಿ ಹೋದ ನಷ್ಟಕ್ಕೆ 2017ರಲ್ಲಿ 40,000 ರೂಪಾಯಿ ನಿಗದಿ ಮಾಡಿದರು, ಮೂರು ವರ್ಷಕ್ಕೊಮ್ಮೆ ಶೇ. 10 ಜಾಸ್ತಿ. ಚಿಕ್ಕಮ್ಮನಿಗೆ ಈ ಲೆಕ್ಕ ಹೇಳಿದೆ. ಚಿಕ್ಕಪ್ಪನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, 'ಪರವಾಗಿಲ್ಲ, ಒಳ್ಳೇ ರೇಟೇ' ಅಂದರು.

ಬಿದ್ದವನ ಸೊಂಟ ಇನ್ನೂ ಪೂರ್ತಿ ಸರಿಯಾಗಿಲ್ಲ. ಈಗ ಕೂತು ಮಾಡುವ ಕೆಲಸ, ಮೆಣಸು ಆರಿಸುವುದು, ಚೀಲ ಹೊಲಿಯುವುದು. ಪರಿಹಾರದ ಅರ್ಜಿ ಹಾಕಿದ್ದಾನೆ. ಅವನ ವಕೀಲರಿಗೆ ಎರಡು ಮನೆ ಇದೆಯಂತೆ, ಒಂದು ಇಲ್ಲಿ, ಇನ್ನೊಂದು ಘಟ್ಟದ ಕೆಳಗೆ. ಹೋಟೆಲಿನಲ್ಲಿ ಈ ಸುದ್ದಿ ಬಂದ ಮೇಲೆ ಅರ್ಜಿಯೂ ಸುಳ್ಳು ಅಂತ ಅರ್ಧ ಗೋಣಿಕೊಪ್ಪ ತೀರ್ಮಾನಿಸಿದೆ. ಇನ್ನರ್ಧ ಎರಡನೇ ಮನೆ ಪುತ್ತೂರಿನಲ್ಲೋ ಸುಳ್ಯದಲ್ಲೋ ಅಂತ ಇನ್ನೂ ವಿಚಾರಿಸುತ್ತಿದೆ.

ಮೊನ್ನೆ ಚಿಕ್ಕಪ್ಪನ ಶೆಡ್ಡಿನಲ್ಲಿ ಅವರ ಏಣಿಯನ್ನೇ ಇಳಿಸಿ ನೋಡಿದೆ. ಕೆಳಗಿಂದ ನಾಲ್ಕನೇ ಮೆಟ್ಟಿಲು ಅಲ್ಲಾಡುತ್ತದೆ, ಯಾರೋ ಕಟ್ಟುತಂತಿ ಸುತ್ತಿದ್ದಾರೆ. ತಂತಿಗೂ ತುಕ್ಕು. 'ಇದನ್ನು ಬದಲಾಯಿಸಿ ಚಿಕ್ಕಪ್ಪ' ಅಂದೆ. 'ಬದಲಾಯಿಸೋಣ, ಬದಲಾಯಿಸೋಣ. ಈ ಸಲ ಮೆಣಸಿಗೆ ರೇಟು ಬರಲಿ' ಅಂದವರು ಹತ್ತಿರ ಬಂದು ದನಿ ತಗ್ಗಿಸಿದರು. 'ಅದಿರಲಿ, ಆ ಲಾಯರಿಂದು ಪುತ್ತೂರಂತೆ.'