ದಿಂಬಿನ ಪಕ್ಕದ ನೋಟ್‌ಬುಕ್

ಮನೆ ಆರೈಕೆಯಲ್ಲಿ ವೈದ್ಯರು, ನರ್ಸ್ ಹಾಗೂ ಫಿಸಿಯೋಥೆರಪಿಸ್ಟ್ ಒಂದಾಗಿ ದುಡಿಯಲು ತಿಂಗಳಿಗೊಂದು ಸಭೆ ಸಾಕೆಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಜಮಖಂಡಿ ಹತ್ತಿರದ ನಮ್ಮ ಹಳ್ಳಿಗೆ, ಪಾರ್ಶ್ವವಾಯುವಿಗೆ ತುತ್ತಾದ ತಂದೆಯವರನ್ನು ನೋಡಲು ಮೂವರೂ ಬೇರೆ ಬೇರೆ ದಿನ ಬರುತ್ತಿದ್ದರೇ ಹೊರತು ಒಬ್ಬರ ಮುಖ ಇನ್ನೊಬ್ಬರು ಕಂಡಿರಲಿಲ್ಲ. ಎದ್ದು ನಿಂತೊಡನೆ ತಲೆ ಸುತ್ತುತ್ತದೆಂದು ವ್ಯಾಯಾಮವೇ ನಿಂತುಹೋಗಿತ್ತು. ವಾಟ್ಸಾಪ್ ಗುಂಪೇನೋ ಇತ್ತು, ಅದರಲ್ಲಿ ಶುಭೋದಯದ ಚಿತ್ರಗಳೇ ಹೆಚ್ಚು. ಕೊನೆಗೆ ನರ್ಸ್ ದಿಂಬಿನ ಪಕ್ಕ ಇನ್ನೂರು ಪುಟದ ನೋಟ್‌ಬುಕ್ ಇಟ್ಟು, ಮಲಗಿದ್ದಾಗಿನ ಮತ್ತು ನಿಂತಾಗಿನ ರಕ್ತದೊತ್ತಡವನ್ನು ಬೇರೆ ಬೇರೆಯಾಗಿ ಬರೆಯತೊಡಗಿದರು. ನಿಂತಾಗ ಮೇಲಿನ ಅಂಕಿ 20ಕ್ಕೂ ಹೆಚ್ಚು ಇಳಿಯುತ್ತಿದ್ದುದನ್ನು ಅದರಲ್ಲಿ ಕಂಡ ವೈದ್ಯರು ರಕ್ತದೊತ್ತಡದ ಮಾತ್ರೆಯ ಪ್ರಮಾಣ ತಗ್ಗಿಸಿದರು, ವಾರದೊಳಗೆ ನಡಿಗೆ ಮತ್ತೆ ಶುರುವಾಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಲೆಕ್ಕವನ್ನು, ಅಕ್ಷರ ಬಾರದ ನಮ್ಮ ತಾಯಿ ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಗೀಟು ಎಳೆದು ಇಡುತ್ತಿದ್ದರು.